ಅಪ್ಪನ ಹಳೆ ಫಿಯಾಟ್‌ಗೆ ಕಾರ್ಬುರೇಟರೋ, ಇಂಜೆಕ್ಷನ್ನೋ?

ನಿಟ್ಟೆ, ಕಾರ್ಕಳ, ಬೆಳ್ಮಣ್ಣು, ಕಾಪು ಕಡೆಯ ಹಳೆ ಮನೆಗಳ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದುಕೊಂಡ ಕಾರೊಂದು ಈಗಲೂ ಅಲ್ಲಲ್ಲಿ ಸಿಗ್ತದೆ. ಕೆಲವು ಕಡೆ ಅದು ಅಂಬಾಸಿಡರ್, ಕೆಲವು ಕಡೆ ಮೊದಲ ತಲೆಮಾರಿನ ಮಾರುತಿ 800, ಹೆಚ್ಚಿನ ಕಡೆ ಪ್ರೀಮಿಯರ್ ಪದ್ಮಿನಿ. ಪದ್ಮಿನಿ ಅಂತ ಕಾಗದದಲ್ಲಿ ಬರೆದಿದ್ದರೂ ನಮ್ಮ ಜನರ ಬಾಯಲ್ಲಿ ಅದು ಕೊನೆವರೆಗೂ ‘ಫಿಯಾಟ್’. ಮದುವೆ ದಿಬ್ಬಣ, ಹೆರಿಗೆ ಆಸ್ಪತ್ರೆ, ಧರ್ಮಸ್ಥಳ ಯಾತ್ರೆ ಎಲ್ಲವನ್ನೂ ನೋಡಿದ ಕಾರನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ.

ಈಚೆಗೆ ಈ ಕಾರುಗಳಿಗೆ ಮತ್ತೆ ಜೀವ ಕೊಡುವ ಹುಮ್ಮಸ್ಸು ಹೆಚ್ಚಾಗಿದೆ. ನಮ್ಮ ಸುತ್ತಮುತ್ತ ಇಂಜಿನಿಯರಿಂಗ್ ಓದುವ ಮಕ್ಕಳಿಗೂ ಕೊರತೆ ಇಲ್ಲ. ಮಣಿಪಾಲದಲ್ಲಿ 1957ರಿಂದ ತಾಂತ್ರಿಕ ಕಾಲೇಜು ಉಂಟು, ನಿಟ್ಟೆಯಲ್ಲಿ 1986ರಿಂದ ಉಂಟು. ಹಾಗಾಗಿ ಮನೆಮನೆಯಲ್ಲಿ ಒಂದೇ ಚರ್ಚೆ. ಮಗ ಹೇಳ್ತಾನೆ, “ಅಪ್ಪ, ಈ ಕಾರ್ಬುರೇಟರ್ ತೆಗೆದು ಬಿಸಾಡುವ. ಇಂಜೆಕ್ಷನ್ ಹಾಕಿದ್ರೆ ಒಂದೇ ಸೆಲ್ಫಿಗೆ ಸ್ಟಾರ್ಟ್.” ಅಪ್ಪ ಹೇಳ್ತಾರೆ, “ಎಂತದೂ ಬೇಡ ಮಾರಾಯ. ನಲವತ್ತು ವರ್ಷ ಓಡಿದ್ದು ಇದರಲ್ಲೇ ಅಲ್ವಾ?”

ಇಬ್ಬರ ಮಾತಿನಲ್ಲೂ ಸತ್ಯ ಉಂಟು. ಯಾವುದನ್ನು ಆರಿಸಬೇಕು ಎನ್ನುವುದು ಕಾರನ್ನು ನೀವು ಹೇಗೆ ಓಡಿಸುತ್ತೀರಿ, ಇಂಜಿನ್‌ಗೆ ಏನೆಲ್ಲ ಮಾಡಿಸಿದ್ದೀರಿ, ಖರ್ಚಿಗೆ ಎಷ್ಟು ಇಟ್ಟಿದ್ದೀರಿ ಎನ್ನುವುದರ ಮೇಲೆ ನಿಂತಿದೆ. ತಪ್ಪಿದರೆ ಹೋಗುವುದು ದುಡ್ಡು ಮಾತ್ರ ಅಲ್ಲ. ಪೆಟ್ರೋಲ್ ಪೈಪು ಸರಿ ಇಲ್ಲದ ಕಾರು ದಾರಿ ಮಧ್ಯೆ ಬೆಂಕಿ ಹಿಡಿಯಬಹುದು. ಹಾಗಾಗಿ ನಿಧಾನವಾಗಿ, ಒಂದೊಂದಾಗಿ ನೋಡುವ.

ಕಾರು ಅದೇ, ಪೆಟ್ರೋಲ್ ಬೇರೆ

ಮುಂಬೈಯ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಇಟಲಿಯ ಫಿಯಾಟ್ 1100 ಕಾರನ್ನು ನಮ್ಮಲ್ಲಿ ತಯಾರಿಸಿತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. 1089 ಸಿಸಿ ಇಂಜಿನ್, ಸುಮಾರು 40 ಅಶ್ವಶಕ್ತಿ, ಒಂದೇ ಬಾಯಿಯ ಸೋಲೆಕ್ಸ್ ಕಾರ್ಬುರೇಟರ್. ಅಂಬಾಸಿಡರ್ 1958ರಿಂದ 2014ರವರೆಗೆ ಬಂತು. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. 2000ನೇ ಇಸವಿಯ ಆಸುಪಾಸಿನಲ್ಲಿ ಹೊಗೆ ನಿಯಮ ಬಿಗಿಯಾಗುವವರೆಗೂ ನಮ್ಮ ಮಧ್ಯಮ ವರ್ಗದ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವು ಕಾರ್ಬುರೇಟರ್ ಮೇಲೆಯೇ ಓಡಿದವು.

ಆ ಕಾಲದ ಕಾರನ್ನು ಆ ಕಾಲದ ಪೆಟ್ರೋಲಿಗೆ ಹೊಂದಿಸಿದ್ದರು. ಈಗ ಬಂಕಿನಲ್ಲಿ ಸಿಗುವುದು ಬೇರೆ. ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ದೇಶದೆಲ್ಲೆಡೆ ಅದೇ ಸಾಮಾನ್ಯ ಪೆಟ್ರೋಲ್ ಆಯಿತು.

ಎಥೆನಾಲ್ ಕೆಟ್ಟದ್ದು ಅಂತ ಅಲ್ಲ. ಆದರೆ ಹಳೆ ಕಾರಿಗೆ ಅದರಿಂದ ಮೂರು ತೊಂದರೆ ಉಂಟು.

ಮೊದಲನೆಯದು ರಬ್ಬರ್. ಹಳೆ ಪೈಪು, ಪಂಪಿನ ಡಯಾಫ್ರಮ್, ಕಾರ್ಬುರೇಟರಿನ ಆಕ್ಸಿಲರೇಟರ್ ಪಂಪಿನ ತೆಳು ಪೊರೆ, ವಾಷರ್ – ಇವೆಲ್ಲ ಎಥೆನಾಲಿನಲ್ಲಿ ಉಬ್ಬುತ್ತವೆ, ಮೆತ್ತಗಾಗುತ್ತವೆ, ಆಮೇಲೆ ಒಣಗಿ ಬಿರಿಯುತ್ತವೆ. ಹಳೆ ವಾಹನಗಳಲ್ಲಿ ಕೆಲವು ರಬ್ಬರ್ ಭಾಗಗಳನ್ನು ಬದಲಿಸಬೇಕಾದೀತು ಎಂದು ಸರಕಾರವೇ ಹೇಳಿದೆ.

ಎರಡನೆಯದು ನೀರು. ಎಥೆನಾಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಕರಾವಳಿಯಲ್ಲಿ ಅರ್ಧ ಖಾಲಿ ಟ್ಯಾಂಕು ಇಟ್ಟರೆ ಹೇಗಾದೀತು? ನೀರು ಹೆಚ್ಚಾದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಪಂಪ್ ಮೊದಲು ಎಳೆಯುವುದು ತಳದ್ದನ್ನೇ. ಕಬ್ಬಿಣದ ಟ್ಯಾಂಕಿನಲ್ಲಿ ತುಕ್ಕು, ಕಾರ್ಬುರೇಟರಿನ ಹೊಟ್ಟೆಯಲ್ಲಿ ಬಿಳಿ ಪುಡಿ ಕಾಣಿಸಿಕೊಳ್ಳುವುದು ಇದರಿಂದಲೇ. ಕಾಪು, ಪಡುಬಿದ್ರಿಯಂಥ ಕಡಲ ಬದಿಯಲ್ಲಿ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ.

ಮೂರನೆಯದು ಲೆಕ್ಕ. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲಿಗೆ ಸುಮಾರು 9 ಕಿಲೋ ಸಾಕು. ಇ20ಗೆ ಇದು 13.5ರ ಹತ್ತಿರ ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು, ಶೇ. 7ರಿಂದ 8ರಷ್ಟು. ಹೊಸ ಕಾರಿನ ಕಂಪ್ಯೂಟರ್ ಹೊಗೆಯನ್ನು ಮೂಸಿ ನೋಡಿ ತಾನೇ ಸರಿಪಡಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಮೂಗಿಲ್ಲ. ಅದು ಮೊದಲಿನಷ್ಟೇ ಬಿಡುತ್ತದೆ. ಆಗ ಮಿಶ್ರಣ ತೆಳುವಾಗಿ ಇಂಜಿನ್ ಬಿಸಿಯಾಗುತ್ತದೆ, ಎಳೆತ ಕಡಿಮೆಯಾಗುತ್ತದೆ, ಕೆಲವೊಮ್ಮೆ ಕಾರ್ಬುರೇಟರಿನಿಂದಲೇ ‘ಫಟ್’ ಅಂತ ಸದ್ದು ಬರುತ್ತದೆ.

ಮುಂದಿರುವ ನಾಲ್ಕು ದಾರಿ

ಒಂದು, ಇದ್ದ ಕಾರ್ಬುರೇಟರನ್ನೇ ಪೂರ್ತಿ ಬಿಚ್ಚಿ ಹೊಸತು ಮಾಡುವುದು. ಇಂಜಿನ್ ಕಂಪನಿ ಕೊಟ್ಟ ಹಾಗೇ ಇದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹೊಸ ನೀಡಲ್ ವಾಲ್ವ್, ಎಥೆನಾಲ್ ತಡೆಯುವ ಡಯಾಫ್ರಮ್, ಗ್ಯಾಸ್ಕೆಟ್, ಅಗತ್ಯ ಬಿದ್ದರೆ ಒಂದೆರಡು ನಂಬರ್ ದೊಡ್ಡ ಜೆಟ್ – ಇಷ್ಟೇ ಕೆಲಸ. ಥ್ರಾಟಲ್ ಸ್ಪಿಂಡಲ್ ಸವೆದು ಅಲುಗಾಡುತ್ತಿದ್ದರೆ ಅಲ್ಲಿಂದ ಕಳ್ಳಗಾಳಿ ನುಗ್ಗುತ್ತದೆ. ಅದಕ್ಕೆ ಬುಷ್ ಹಾಕಿಸದೆ ಎಷ್ಟು ಟ್ಯೂನ್ ಮಾಡಿದರೂ ಐಡ್ಲಿಂಗ್ ನಿಲ್ಲುವುದಿಲ್ಲ.

ಎರಡು, ದೊಡ್ಡ ಅಥವಾ ಎರಡು ಬಾಯಿಯ ಕಾರ್ಬುರೇಟರ್. ಹೆಡ್ ಇಳಿಸಿ ಕಂಪ್ರೆಷನ್ ಏರಿಸಿದವರು, ಕ್ಯಾಮ್ ಬದಲಿಸಿದವರು, ಬೋರ್ ಮಾಡಿಸಿದವರು ಹೋಗುವ ದಾರಿ ಇದು. ಇಟಲಿಯ ಬೊಲೋನ್ಯದಲ್ಲಿ ಎಡೊಆರ್ಡೊ ವೆಬರ್ ಶುರು ಮಾಡಿದ ಕಾರ್ಬುರೇಟರಿಗೆ ಜಗತ್ತಿನಾದ್ಯಂತ ಹೆಸರು ಬಂದದ್ದು ಇಂಥ ಕೆಲಸದಲ್ಲೇ. ವೆಬರಿನ ಎರಡು ಬಾಯಿಯ ಕೆಲವು ಮಾದರಿಗಳಲ್ಲಿ ಒಂದು ಬಾಯಿ ಸಾಮಾನ್ಯ ಓಡಾಟಕ್ಕೆ, ಇನ್ನೊಂದು ಪೆಡಲ್ ಹೆಚ್ಚು ಒತ್ತಿದಾಗ ಮಾತ್ರ ತೆರೆಯುತ್ತದೆ. ಮೈಲೇಜೂ ಉಳಿಯುತ್ತದೆ, ಏರಿಗೆ ಎಳೆತವೂ ಸಿಗುತ್ತದೆ.

ಮೂರು, ಥ್ರಾಟಲ್ ಬಾಡಿ ಇಂಜೆಕ್ಷನ್. ಕಾರ್ಬುರೇಟರ್ ಕೂರುವ ಜಾಗದಲ್ಲೇ ಒಂದು ಬಾಡಿ, ಅದರಲ್ಲಿ ಒಂದೋ ಎರಡೋ ಇಂಜೆಕ್ಟರ್. ಹೊರಗಿನಿಂದ ನೋಡಿದರೆ ಹಳೆ ರೂಪವೇ ಇರುತ್ತದೆ.

ನಾಲ್ಕು, ಪೂರ್ತಿ ಎಂಪಿಎಫ್‌ಐ. ಪ್ರತಿ ಸಿಲಿಂಡರಿಗೆ ಒಂದು ಇಂಜೆಕ್ಟರ್. ಇದನ್ನು ಹೆಚ್ಚಾಗಿ ಮಾಡುವುದು ಬೇರೆ ಇಂಜಿನ್ ಕೂರಿಸುವಾಗ. ಹಾಗೆ ಮಾಡುವವರು ಒಂದು ಮಾತು ನೆನಪಿಡಬೇಕು. ಇಂಜಿನ್ ಯಾವ ಕಾರಿನದ್ದೋ ವೈರಿಂಗ್, ಇಸಿಯು, ಸೆನ್ಸರ್, ಪಂಪ್ ಎಲ್ಲವೂ ಅದೇ ಕಾರಿನದ್ದಾಗಿರಲಿ. ಇಂಜಿನ್ ಒಂದು ಗುಜರಿಯಿಂದ, ಇಸಿಯು ಇನ್ನೊಂದರಿಂದ ತಂದರೆ ಒಂದಕ್ಕೊಂದು ಮಾತಾಡುವುದಿಲ್ಲ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಪ್ರಾಜೆಕ್ಟ್ ಕಾರುಗಳ ಕಥೆ ಹೆಚ್ಚಾಗಿ ಇದೇ.

ದೊಡ್ಡದು ಹಾಕಿದರೆ ಜೋರು ಹೋಗ್ತದಾ?

ಇದು ಎಲ್ಲರಿಗೂ ಇರುವ ತಪ್ಪು ಕಲ್ಪನೆ. ಇಂಜಿನ್ ಎಷ್ಟು ಉಸಿರಾಡುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಕ್ಯಾಲ್ಕ್ಯುಲೇಟರ್ ಇದ್ದರೆ ಸಾಕು.

ನಮ್ಮ ಫಿಯಾಟಿನ ಇಂಜಿನ್ 1.089 ಲೀಟರ್. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಮ್ಮೆ ಅಷ್ಟು ಗಾಳಿ ಎಳೆಯುತ್ತದೆ. ನಿಮಿಷಕ್ಕೆ 5000 ಸುತ್ತಿನಲ್ಲಿ 2500 ಸಲ, ಅಂದರೆ ಸುಮಾರು 2720 ಲೀಟರ್. ಯಾವ ಹಳೆ ಇಂಜಿನ್ನೂ ಪೂರ್ತಿ ಉಸಿರು ತುಂಬಿಕೊಳ್ಳುವುದಿಲ್ಲ, ಶೇ. 80 ಅಂತ ಹಿಡಿಯಿರಿ. ಸುಮಾರು 2180 ಲೀಟರ್ ಆಯಿತು. ಕಾರ್ಬುರೇಟರ್ ಮಾರುವವರ ಲೆಕ್ಕದಲ್ಲಿ ಇದು 77 ಸಿಎಫ್‌ಎಂ. ಇಷ್ಟಕ್ಕೆ 300 ಸಿಎಫ್‌ಎಂ ಕಾರ್ಬುರೇಟರ್ ಹಾಕಿದರೆ ಏನಾಗ್ತದೆ?

ಕಾರ್ಬುರೇಟರಿನ ನಡುವೆ ಸೊಂಟದ ಹಾಗೆ ಕಿರಿದಾದ ಜಾಗ ಉಂಟು, ವೆಂಚುರಿ. ಅಲ್ಲಿ ಗಾಳಿ ಜೋರಾಗಿ ಹಾಯುವುದರಿಂದ ಒತ್ತಡ ಇಳಿದು ಜೆಟ್ಟಿನಿಂದ ಪೆಟ್ರೋಲ್ ಮೇಲೆದ್ದು ಬರುತ್ತದೆ. ಸೊಂಟ ಅಗಲವಾದರೆ ಗಾಳಿಯ ವೇಗ ಇಳಿಯುತ್ತದೆ, ಪೆಟ್ರೋಲ್ ಸರಿಯಾಗಿ ಏಳುವುದಿಲ್ಲ, ಹನಿ ಹನಿಯಾಗಿ ಬೀಳುತ್ತದೆ. ಕಾರ್ಕಳ ಪೇಟೆಯ ನಿಧಾನ ಟ್ರಾಫಿಕ್ಕಿನಲ್ಲಿ ಇಂಜಿನ್ ತಡವರಿಸುತ್ತದೆ, ಎರಡನೇ ಗೇರಿನಲ್ಲಿ ಪೆಡಲ್ ಒತ್ತಿದರೆ ಒಂದು ಕ್ಷಣ ಸತ್ತ ಹಾಗಾಗುತ್ತದೆ. ಹಾಗಾಗಿ ಬೋರ್ ಮಾಡಿಸಿದರೂ ಲೆಕ್ಕದ ಹತ್ತಿರದ ಅಳತೆಯನ್ನೇ ತೆಗೆದುಕೊಳ್ಳಿ.

ಜೆಟ್ ನಂಬರಿನ ಗುಟ್ಟು

ಸೋಲೆಕ್ಸ್, ವೆಬರ್ ಜೆಟ್ಟುಗಳ ಮೇಲೆ ಒಂದು ನಂಬರ್ ಇರುತ್ತದೆ. 120 ಅಂದರೆ ತೂತಿನ ಅಗಲ 1.20 ಮಿ.ಮೀ. ಇಲ್ಲಿ ಹೆಚ್ಚಿನವರು ಎಡವುವುದು ಎಲ್ಲಿ ಅಂದರೆ, ಶೇ. 4 ಹೆಚ್ಚು ಪೆಟ್ರೋಲ್ ಬೇಕು ಅಂತ ತೂತನ್ನೂ ಶೇ. 4 ದೊಡ್ಡ ಮಾಡುತ್ತಾರೆ. ಹರಿವು ತೂತಿನ ವಿಸ್ತೀರ್ಣವನ್ನು ಅವಲಂಬಿಸಿದೆ. ವಿಸ್ತೀರ್ಣ ಏರುವುದು ಅಗಲದ ವರ್ಗದ ಪ್ರಕಾರ. ಹಾಗಾಗಿ ಶೇ. 4 ಹೆಚ್ಚು ಹರಿವಿಗೆ ಅಗಲ ಶೇ. 2 ಹೆಚ್ಚಿದರೆ ಸಾಕು.

ಶೇ. 10 ಎಥೆನಾಲಿನಲ್ಲಿ 120 ಜೆಟ್ ಸರಿಯಾಗಿ ನಡೆಯುತ್ತಿತ್ತು ಅಂತ ಇಟ್ಟುಕೊಳ್ಳಿ. ಇ20ಗೆ ಶೇ. 4ರ ಆಸುಪಾಸು ಹೆಚ್ಚು ಬೇಕು. ಜೆಟ್ 122.5 ಆದರೆ ಆಯಿತು. ಎಥೆನಾಲ್ ಇಲ್ಲದ ಕಾಲದ ಸೆಟ್ಟಿಂಗ್ ಹಾಗೇ ಉಳಿದಿದ್ದರೆ 125ರವರೆಗೆ ಹೋಗಬೇಕಾದೀತು. ದಯವಿಟ್ಟು ಸೂಜಿ, ತಂತಿ ಹಾಕಿ ತೂತು ದೊಡ್ಡ ಮಾಡಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ಓರೆಯಾಗಿ ಗೀರಿದರೆ ಆ ಜೆಟ್ ಮುಗಿಯಿತು. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈಯ ಪುದುಪೇಟೆಯಂಥ ಬಿಡಿಭಾಗದ ಬಜಾರುಗಳಲ್ಲಿ ಹುಡುಕಿದರೆ ನಂಬರ್ ಇರುವ ಜೆಟ್ ಸಿಗುತ್ತದೆ.

ಇಂಜೆಕ್ಷನ್ ಹಾಕಿದರೆ ಕೆಲಸ ಟ್ಯಾಂಕಿನಿಂದಲೇ ಶುರು

ಕಾರ್ಬುರೇಟರ್ ಕಾರಿನ ಮೆಕ್ಯಾನಿಕಲ್ ಪಂಪ್ ಕೊಡುವ ಒತ್ತಡ ಕಾಲು ಬಾರ್ ಆಸುಪಾಸು. ಅದಕ್ಕಿಂತ ಹೆಚ್ಚು ಕೊಟ್ಟರೆ ನೀಡಲ್ ವಾಲ್ವ್ ತಡೆಯದೆ ಪೆಟ್ರೋಲ್ ಉಕ್ಕಿ ಇಂಜಿನ್ ಮೇಲೆ ಸುರಿಯುತ್ತದೆ. ಎಂಪಿಎಫ್‌ಐಗೆ ಬೇಕಾದದ್ದು ಸುಮಾರು 3 ಬಾರ್, ಅಂದರೆ ಹನ್ನೆರಡು ಪಟ್ಟು. ಹಳೆ ರಬ್ಬರ್ ಪೈಪು, ಸ್ಕ್ರೂ ಕ್ಲಿಪ್ಪಿಗೆ ಇದು ತಡೆಯುವ ಮಾತೇ ಅಲ್ಲ. ಸಣ್ಣ ಬಿರುಕಿನಿಂದಲೂ ಪೆಟ್ರೋಲ್ ಸ್ಪ್ರೇ ಹೊಡೆದ ಹಾಗೆ ಬಿಸಿ ಸೈಲೆನ್ಸರ್ ಮೇಲೆ ಬೀಳುತ್ತದೆ. ಇಂಜೆಕ್ಷನ್‌ಗೆಂದೇ ತಯಾರಾದ ಪೈಪು, ಅದಕ್ಕೆ ಸರಿಯಾದ ಕ್ಲ್ಯಾಂಪ್, ಮಧ್ಯದಲ್ಲಿ ಲೋಹದ ಪೈಪು – ಇದರಲ್ಲಿ ಉಳಿತಾಯ ಬೇಡ.

ಪಂಪ್ ಎಷ್ಟು ದೊಡ್ಡದು ಬೇಕು? 40 ಅಶ್ವಶಕ್ತಿಯ ಇಂಜಿನ್ ಪೂರ್ತಿ ದುಡಿದರೆ ಗಂಟೆಗೆ ಕುಡಿಯುವುದು ಸುಮಾರು 9 ಕಿಲೋ, ಅಂದರೆ 12 ಲೀಟರ್ ಪೆಟ್ರೋಲ್. ಇಂಜೆಕ್ಷನ್ ಪಂಪುಗಳು ಗಂಟೆಗೆ 80, 100 ಲೀಟರ್ ತಳ್ಳುವವು. ಉಳಿದದ್ದು ಎಲ್ಲಿ ಹೋಗಬೇಕು? ವಾಪಸ್ ಟ್ಯಾಂಕಿಗೆ. ಹಾಗಾಗಿ ಹಿಂದಕ್ಕೆ ಹೋಗುವ ಇನ್ನೊಂದು ಲೈನ್ ಎಳೆಯಬೇಕು, ಟ್ಯಾಂಕಿಗೆ ಅದರ ಬಾಯಿ ಕೂರಿಸಬೇಕು.

ಮತ್ತೊಂದು ವಿಷಯ. ಹಳೆ ಟ್ಯಾಂಕಿನೊಳಗೆ ಪೆಟ್ರೋಲ್ ಅಲುಗದಂತೆ ತಡೆಯುವ ತಡಿಕೆ ಸರಿ ಇರುವುದಿಲ್ಲ. ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದಾಗ ಪಂಪ್ ಗಾಳಿ ಎಳೆಯುತ್ತದೆ. ಕಾರ್ಬುರೇಟರಿಗೆ ಇದು ಗೊತ್ತೇ ಆಗುವುದಿಲ್ಲ, ಅದರ ಫ್ಲೋಟ್ ಚೇಂಬರಿನಲ್ಲಿ ಒಂದಿಷ್ಟು ಪೆಟ್ರೋಲ್ ಇದ್ದೇ ಇರುತ್ತದೆ. ಇಂಜೆಕ್ಷನ್ ಇಂಜಿನ್ ತಕ್ಷಣ ಮುಗ್ಗರಿಸುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಹಿಂದೊಂದು ಲಾರಿ ಹತ್ತುತ್ತಿರುವಾಗ ಹೀಗಾಗುವುದು ಬೇಡ. ಅದಕ್ಕೆ ನಡುವೆ ಒಂದು ಸಣ್ಣ ಡಬ್ಬಿ, ಅಂದರೆ ಸ್ವಿರ್ಲ್ ಪಾಟ್ ಹಾಕುವುದು ವಾಡಿಕೆ.

ವಿದ್ಯುತ್ ಪಂಪ್ ಯಾವುದೇ ಆಗಲಿ, ಇಂಜಿನ್ ನಿಂತ ಕೂಡಲೇ ಪಂಪೂ ನಿಲ್ಲಬೇಕು. ಅಪಘಾತವಾಗಿ ಪೈಪು ತುಂಡಾದರೂ ಪಂಪ್ ತಳ್ಳುತ್ತಲೇ ಇದ್ದರೆ ಅದು ಬೆಂಕಿಗೆ ಕೊಟ್ಟ ಆಹ್ವಾನ. ಇಸಿಯು ಇದ್ದರೆ ಅದು ನೋಡಿಕೊಳ್ಳುತ್ತದೆ. ಕಾರ್ಬುರೇಟರಿಗೆ ವಿದ್ಯುತ್ ಪಂಪ್ ಹಾಕಿಸಿದವರು ಆಯಿಲ್ ಪ್ರೆಷರ್ ಸ್ವಿಚ್ ಅಥವಾ ಡಿಕ್ಕಿಗೆ ಕಡಿದುಹೋಗುವ ಇನರ್ಷಿಯಾ ಸ್ವಿಚ್ ಕೇಳಿ ಹಾಕಿಸಿಕೊಳ್ಳಿ. ಕೀ ಆನ್ ಮಾಡಿದರೆ ಪಂಪ್ ಆನ್ ಎನ್ನುವ ನೇರ ವೈರಿಂಗ್ ಬೇಡ.

ಟ್ಯೂನಿಂಗ್: ಯಾವುದು ಮೊದಲು, ಯಾವುದು ಆಮೇಲೆ

ಗ್ಯಾರೇಜಿಗೆ ಹೋದ ಕೂಡಲೇ ಕಾರ್ಬುರೇಟರ್ ಸ್ಕ್ರೂ ತಿರುಗಿಸುವ ಅಭ್ಯಾಸ ನಮ್ಮಲ್ಲಿ ಉಂಟು. ಅನುಭವಿ ಮೇಸ್ತ್ರಿಗಳು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಕ್ರಮ ಹೀಗಿರಲಿ:

1. ಕಂಪ್ರೆಷನ್ ನೋಡಿಸಿ. ಒಂದು ಸಿಲಿಂಡರ್ ಸೋತಿದ್ದರೆ ಪೆಟ್ರೋಲಿನಿಂದ ಅದನ್ನು ಸರಿಮಾಡಲು ಆಗುವುದಿಲ್ಲ.

2. ಟ್ಯಾಪೆಟ್ ಗ್ಯಾಪ್, ಪ್ಲಗ್, ಪಾಯಿಂಟ್, ಇಗ್ನಿಷನ್ ಟೈಮಿಂಗ್ ಕಂಪನಿ ಪುಸ್ತಕದಂತೆ ಮಾಡಿಸಿ. ಕಾರ್ಬುರೇಟರಿನದ್ದು ಅಂತ ಬಂದ ದೂರುಗಳಲ್ಲಿ ಎಷ್ಟೋ ಇಲ್ಲಿಯೇ ಮುಗಿಯುತ್ತವೆ.

3. ಇಂಟೇಕ್ ಮ್ಯಾನಿಫೋಲ್ಡ್, ಕಾರ್ಬುರೇಟರ್ ಬುಡದ ಗ್ಯಾಸ್ಕೆಟಿನಲ್ಲಿ ಗಾಳಿ ಸೋರುತ್ತದಾ ನೋಡಿ.

4. ಫ್ಲೋಟ್ ಲೆವೆಲ್ ಸರಿಮಾಡಿ. ಲೆವೆಲ್ ತಪ್ಪಿದರೆ ಯಾವ ಜೆಟ್ ಹಾಕಿದರೂ ಲೆಕ್ಕ ತಪ್ಪುತ್ತದೆ.

5. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್. ಮಿಕ್ಸ್ಚರ್ ಸ್ಕ್ರೂವನ್ನು ನಿಧಾನಕ್ಕೆ ತಿರುಗಿಸುತ್ತಾ ಇಂಜಿನ್ ಅತಿ ನಯವಾಗಿ, ತುಸು ಜೋರಾಗಿ ಓಡುವ ಜಾಗ ಹುಡುಕಿ, ಆಮೇಲೆ ಥ್ರಾಟಲ್ ಸ್ಕ್ರೂನಿಂದ ವೇಗ ಇಳಿಸಿ. ಎರಡು ಮೂರು ಸಲ ಹೀಗೆ ಮಾಡಬೇಕಾಗ್ತದೆ.

6. ಕೊನೆಗೆ ರಸ್ತೆ. ಸಮ ವೇಗದಲ್ಲಿ, ಏರಿನಲ್ಲಿ, ಪೆಡಲ್ ತಟ್ಟನೆ ಒತ್ತಿದಾಗ – ಮೂರೂ ಬೇರೆ ಬೇರೆ ಪರೀಕ್ಷೆ. ಸಮ ವೇಗದ ತೊಂದರೆ ಮೇನ್ ಜೆಟ್ಟಿನದ್ದು. ಜೋರಾದಾಗ ಮಾತ್ರ ಬರುವ ತೊಂದರೆ ಏರ್ ಜೆಟ್ಟಿನದ್ದೋ ಪಂಪಿನದ್ದೋ. ಪೆಡಲ್ ಒತ್ತಿದ ಕ್ಷಣ ಮಾತ್ರ ಸಾಯುತ್ತಿದ್ದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಮ್ ನೋಡಿ.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಪುಸ್ತಕದಲ್ಲಿ ಬರೆದಿಡಿ. ಜೆಟ್ಟೂ ಟೈಮಿಂಗೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗಲಿಕ್ಕಿಲ್ಲ.

ಪ್ಲಗ್ ಬಿಚ್ಚಿ ಬಣ್ಣ ನೋಡುವುದು ಹಳೆ ವಿದ್ಯೆ. ಕಂದು ಆದರೆ ಸರಿ, ಮಸಿ ಕಪ್ಪಾದರೆ ಪೆಟ್ರೋಲ್ ಹೆಚ್ಚು, ಸುಣ್ಣದ ಬಿಳಿಯಾದರೆ ಕಡಿಮೆ. ಈಗಿನ ಸೀಸವಿಲ್ಲದ ಪೆಟ್ರೋಲಿನಲ್ಲಿ ಬಣ್ಣ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ. ಇಂಜಿನ್ ಮಾರ್ಪಾಡು ಮಾಡಿದವರು ಸೈಲೆನ್ಸರ್ ಪೈಪಿಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಕೂರಿಸಿ ಮೀಟರ್ ನೋಡುವುದು ಒಳ್ಳೆಯದು. ಮೀಟರನ್ನು ಲ್ಯಾಂಬ್ಡಾ ಲೆಕ್ಕದಲ್ಲಿ ಓದಿ. ಅದರಲ್ಲಿ 1 ಅಂದರೆ ಸರಿಯಾದ ಮಿಶ್ರಣ. ಎಥೆನಾಲ್ ಎಷ್ಟೇ ಇರಲಿ ಈ ಲೆಕ್ಕ ಬದಲಾಗುವುದಿಲ್ಲ. ಸಮ ವೇಗದಲ್ಲಿ 1ರ ಹತ್ತಿರ, ಪೂರ್ತಿ ಪೆಡಲಿಗೆ 0.85ರಿಂದ 0.90ರ ನಡುವೆ ಇದ್ದರೆ ಇಂಜಿನ್ ಸುರಕ್ಷಿತ.

ಇಷ್ಟು ಖರ್ಚು ಬೇಡ ಅನ್ನುವವರಿಗೆ ಅಗ್ಗದ ಉಪಾಯ ಒಂದುಂಟು, ಹೊಗೆ ತಪಾಸಣೆಯ ಚೀಟಿ. ಅದರಲ್ಲಿ ಸಿಒ ಎಂದು ಬರೆದ ಅಂಕಿ ನೋಡಿ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಐಡ್ಲಿಂಗಿನಲ್ಲಿ ಶೇ. 3ರವರೆಗೆ ಮಿತಿ. 3ರ ಹತ್ತಿರ ಬಂದರೆ ಪೆಟ್ರೋಲ್ ವ್ಯರ್ಥ, 1ರಿಂದ 2ರ ನಡುವೆ ಇದ್ದರೆ ಹಳೆ ಕಾರ್ಬುರೇಟರಿಗೆ ಒಳ್ಳೆಯ ಅಂಕ. ಟ್ಯೂನ್ ಮಾಡಿಸುವ ಮೊದಲೊಮ್ಮೆ, ಆಮೇಲೊಮ್ಮೆ ಚೀಟಿ ಮಾಡಿಸಿ ಹೋಲಿಸಿ ನೋಡಿ.

ಘಾಟಿಯೂ ಒದ್ದೆ ಬಟ್ಟೆಯೂ

ನಮ್ಮ ಊರಿನಿಂದ ಎಲ್ಲಿಗೆ ಹೊರಟರೂ ಘಾಟಿ ತಪ್ಪುವುದಿಲ್ಲ. ಹೆಬ್ರಿ, ಸೋಮೇಶ್ವರ ದಾಟಿದರೆ ಆಗುಂಬೆ. ಬಜಗೋಳಿ ಕಡೆಯಿಂದ ಹೋದರೆ ಕುದುರೆಮುಖದ ದಾರಿ. ಎತ್ತರದಲ್ಲಿ ಗಾಳಿ ತೆಳುವಾಗಿ ಮಿಶ್ರಣ ದಪ್ಪವಾಗ್ತದೆ ಅಂತ ಕೆಲವರು ಜೆಟ್ ಬದಲಿಸಲು ಹೊರಡುತ್ತಾರೆ. ಆಗುಂಬೆ ಸುಮಾರು 650 ಮೀಟರ್ ಎತ್ತರ. ಅಲ್ಲಿ ಗಾಳಿ ಶೇ. 6ರಷ್ಟು ತೆಳು, ಮಿಶ್ರಣದಲ್ಲಿ ಬರುವ ವ್ಯತ್ಯಾಸ ಶೇ. 3ರಷ್ಟೇ. ಅಷ್ಟಕ್ಕೆ ಜೆಟ್ ಮುಟ್ಟಬೇಕಾಗಿಲ್ಲ.

ನಿಜವಾದ ಶತ್ರು ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಏರು ಹತ್ತುವಾಗ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪ್ ಎಳೆಯದೆ ಕಾರು ನಿಂತುಬಿಡುತ್ತದೆ. ಹಿಂದಿನ ಡ್ರೈವರುಗಳು ಬಾಟಲಿ ನೀರು, ಒಂದು ತುಂಡು ಬಟ್ಟೆ ಇಟ್ಟುಕೊಂಡೇ ಘಾಟಿ ಹತ್ತುತ್ತಿದ್ದರು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾದರೆ ಮತ್ತೆ ಸ್ಟಾರ್ಟ್. ಉಪಾಯ ಈಗಲೂ ಕೆಲಸ ಮಾಡುತ್ತದೆ. ಆದರೆ ಶಾಶ್ವತ ಪರಿಹಾರ ಬೇರೆ. ಪೆಟ್ರೋಲ್ ಪೈಪನ್ನು ಸೈಲೆನ್ಸರಿನಿಂದ ದೂರ ಎಳೆಯುವುದು, ನಡುವೆ ತಗಡಿನ ತಡೆ, ಕಾರ್ಬುರೇಟರ್ ಬುಡಕ್ಕೆ ಬಿಸಿ ಏರದಂತೆ ಬೇಕಲೈಟ್ ಸ್ಪೇಸರ್. ಟ್ಯಾಂಕಿನ ಬಳಿ ಪಂಪ್ ಇರುವ ಇಂಜೆಕ್ಷನ್ ಕಾರಿನಲ್ಲಿ ಈ ಕಾಟ ಬಹಳ ಕಡಿಮೆ. ಮಗನ ವಾದಕ್ಕೆ ಇಲ್ಲಿ ಒಂದು ಅಂಕ ಕೊಡಲೇಬೇಕು.

ಕಾನೂನು ಏನು ಹೇಳ್ತದೆ?

ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದಕ್ಕೆ ಆಧಾರ. ಅದೇ ವರ್ಷದ ತಿದ್ದುಪಡಿಯಂತೆ, ಮಾಲೀಕರು ಕಾನೂನಿಗೆ ವಿರುದ್ಧವಾಗಿ ಮಾರ್ಪಾಡು ಮಾಡಿದರೆ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಇದ್ದ ಕಾರ್ಬುರೇಟರನ್ನು ರಿಪೇರಿ ಮಾಡುವುದು, ಜೆಟ್ ಬದಲಿಸುವುದು ನಿರ್ವಹಣೆಯ ಕೆಲಸ. ಆದರೆ ಇಂಜಿನ್ ನಂಬರ್ ಆರ್‌ಸಿಯಲ್ಲಿ ಬರೆದಿರುತ್ತದೆ. ಬೇರೆ ಇಂಜಿನ್ ಕೂರಿಸುವುದು ಸುಮ್ಮನೆ ಆಗುವ ಕೆಲಸ ಅಲ್ಲ. ಕೆಲಸಕ್ಕೆ ಕೈ ಹಾಕುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಲಿಖಿತ ಒಪ್ಪಿಗೆ ಪಡೆಯಿರಿ. ವಿಮಾ ಕಂಪನಿಗೂ ತಿಳಿಸಿ. ಇಲ್ಲದಿದ್ದರೆ ನಾಳೆ ಅಪಘಾತವಾದಾಗ ಕ್ಲೇಮ್ ತಿರಸ್ಕಾರವಾಗಬಹುದು.

ನಿಮ್ಮ ಕಾರಿಗೆ 50 ವರ್ಷ ದಾಟಿದೆಯಾ? ಹಾಗಾದರೆ ಇನ್ನೂ ಜಾಗ್ರತೆ. 2021ರ ನಿಯಮದಂತೆ ಅಂಥ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ‘ವಿಎ’ ಅಕ್ಷರದ ನಂಬರ್ ಪ್ಲೇಟ್ ಸಿಗುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಆದರೆ ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ಇವತ್ತು ಹುಮ್ಮಸ್ಸಿನಲ್ಲಿ ಇಂಜಿನ್ ಬದಲಿಸಿದರೆ ನಾಳೆ ಈ ಬಾಗಿಲು ಮುಚ್ಚೀತು. ಮೂಲ ರೂಪದ ಬೆಲೆ ಏನು ಅಂತ ನೋಡಬೇಕಾದರೆ ಮನೆಯವರನ್ನೆಲ್ಲ ಕರಕೊಂಡು ಒಮ್ಮೆ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋಗಿ ಬನ್ನಿ. ತೆಗೆದ ಭಾಗ ಯಾವುದನ್ನೂ ಗುಜರಿಗೆ ಕೊಡಬೇಡಿ. ಎಣ್ಣೆ ಹಚ್ಚಿ, ಹೆಸರು ಬರೆದು ಡಬ್ಬಿಯಲ್ಲಿಡಿ.

ಮನೆಯಲ್ಲಿ ಜಾಗ್ರತೆ

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಹೋಗುತ್ತದೆ. ನಮ್ಮ ಮನೆಗಳಲ್ಲಿ ಶೆಡ್ಡಿನ ಪಕ್ಕವೇ ಬಚ್ಚಲು, ಅಲ್ಲಿ ಹಂಡೆಯ ಒಲೆಯಲ್ಲಿ ಕೆಂಡ. ಕಾರ್ಬುರೇಟರ್ ತೊಳೆಯುವ ದಿನ ಆ ಒಲೆ ಪೂರ್ತಿ ಆರಿರಬೇಕು. ಮಕ್ಕಳು ಹತ್ತಿರ ಸುಳಿಯದಿರಲಿ. ತೆರೆದ ಜಾಗದಲ್ಲಿ, ಬ್ಯಾಟರಿ ಕನೆಕ್ಷನ್ ತೆಗೆದು ಕೆಲಸ ಮಾಡಿ. ಪುಡಿ ಅಥವಾ ಫೋಮ್ ಬೆಂಕಿನಂದಕ ಒಂದು ಶೆಡ್ಡಿನಲ್ಲಿ, ಒಂದು ಕಾರಿನೊಳಗೆ ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿಯಬೇಡಿ, ಉರಿ ನೀರಿನ ಮೇಲೆ ತೇಲಿ ಹರಡುತ್ತದೆ.

ಮಳೆಗಾಲದಲ್ಲಿ ಟ್ಯಾಂಕ್ ಆದಷ್ಟು ತುಂಬಿಸಿಡಿ. ವಾರಕ್ಕೊಮ್ಮೆ ಹೊರಗೆ ತೆಗೆದು ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ. ನಾಲ್ಕು ತಿಂಗಳು ನಿಲ್ಲಿಸುವುದೇ ಆದರೆ ಫ್ಲೋಟ್ ಚೇಂಬರ್ ಖಾಲಿ ಮಾಡಿ. ಇ20 ಹಾಕಲು ಶುರು ಮಾಡಿದ ಹೊಸತರಲ್ಲಿ ಟ್ಯಾಂಕಿನ ಹಳೆ ತುಕ್ಕು, ಅಂಟು ಕಳಚಿ ಫಿಲ್ಟರ್ ಕಟ್ಟುತ್ತದೆ. ಮೊದಲ ಕೆಲವು ತಿಂಗಳು ಫಿಲ್ಟರನ್ನು ಪದೇ ಪದೇ ನೋಡುತ್ತಿರಿ. ಡ್ರೈವ್ ಮಾಡುವಾಗ ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ‘ಹಳೆ ಕಾರು ಅಲ್ವಾ, ಹಾಗೇ’ ಅಂತ ಬಿಡಬೇಡಿ. ಅಲ್ಲೇ ಬದಿಗೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಎಲ್ಲರೂ ಇಳಿಯಿರಿ.

ಹಾಗಾದರೆ ಯಾರಿಗೆ ಯಾವುದು?

ತಿಂಗಳಿಗೆರಡು ಸಲ ದೇವಸ್ಥಾನಕ್ಕೆ, ಮದುವೆಗೆ ಹೊರಡುವ, ಇಂಜಿನ್ ಮೂಲ ರೂಪದಲ್ಲೇ ಇರುವ ಕಾರಾದರೆ ಅಪ್ಪ ಹೇಳಿದ್ದೇ ಸರಿ. ಸೋಲೆಕ್ಸನ್ನು ಹೊಸತು ಮಾಡಿಸಿ, ರಬ್ಬರುಗಳನ್ನು ಬದಲಿಸಿ, ಜೆಟ್ ನೋಡಿ. ಹತ್ತು ವರ್ಷ ನಿಶ್ಚಿಂತೆ ಅಲ್ಲದಿದ್ದರೂ ದಾರಿ ಬದಿಯ ಗ್ಯಾರೇಜಿನಲ್ಲೇ ರಿಪೇರಿ ಆಗುವ ಕಾರು ಉಳಿಯುತ್ತದೆ.

ಬೋರ್, ಕ್ಯಾಮ್, ಹೆಡ್ ಕೆಲಸ ಮಾಡಿಸಿದ, ಆಗಾಗ ಘಾಟಿ ಹತ್ತುವ ಕಾರಿಗೆ ಲೆಕ್ಕ ಹಾಕಿ ಆರಿಸಿದ ಎರಡು ಬಾಯಿಯ ಕಾರ್ಬುರೇಟರ್ ಸೂಕ್ತ. ಜೊತೆಗೆ ವೈಡ್‌ಬ್ಯಾಂಡ್ ಮೀಟರ್ ಇರಲಿ.

ದಿನಾ ಓಡಿಸಬೇಕು, ಒಪ್ಪಿಗೆ ಪತ್ರವೂ ಕೈಯಲ್ಲಿದೆ, ಇಂಜಿನ್ನೂ ಬದಲಾಗುತ್ತಿದೆ ಅನ್ನುವವರಿಗೆ ಎಂಪಿಎಫ್‌ಐ. ಮಗ ಹೇಳಿದ ಒಂದೇ ಸೆಲ್ಫಿನ ಸ್ಟಾರ್ಟ್ ನಿಜವಾಗಿ ಸಿಗುವುದು ಇದರಲ್ಲೇ. ಆದರೆ ಖರ್ಚಿನ ಪಟ್ಟಿಯಲ್ಲಿ ಇಂಜೆಕ್ಟರ್, ಇಸಿಯು ಮಾತ್ರ ಬರೆದು ಟ್ಯಾಂಕ್, ರಿಟರ್ನ್ ಲೈನ್, ಪೈಪು, ಸ್ವಿಚ್ಚುಗಳನ್ನು ಬಿಟ್ಟಿದ್ದರೆ ಆ ಪಟ್ಟಿ ಅರ್ಧ ಮಾತ್ರ.

ಯಾವ ದಾರಿ ಹಿಡಿದರೂ ಪೆಟ್ರೋಲ್ ಪೈಪುಗಳನ್ನು ಮಾತ್ರ ಈ ತಿಂಗಳೇ ಬದಲಿಸಿ. ಅದಕ್ಕೆ ಚರ್ಚೆ ಬೇಕಾಗಿಲ್ಲ, ದೊಡ್ಡ ಖರ್ಚೂ ಇಲ್ಲ. ನಿಮ್ಮ ಮನೆಯಲ್ಲೂ ಇಂಥ ಕಾರು ಇದ್ದರೆ ಯಾವ ಕಾರ್ಬುರೇಟರ್, ಯಾವ ನಂಬರಿನ ಜೆಟ್, ಇ20 ಬಂದ ಮೇಲೆ ಮೈಲೇಜ್ ಎಷ್ಟಾಯಿತು ಎಂದು ಓದುಗರ ಅಂಕಣಕ್ಕೆ ಬರೆಯಿರಿ. ಪಕ್ಕದ ಊರಿನ ಇನ್ನೊಂದು ಶೆಡ್ಡಿನ ಕಾರಿಗೆ ಆ ಒಂದು ನಂಬರೇ ಉಪಕಾರ ಆದೀತು.